ಹೊಸ್ತಿಲ ಮೇಲೆ ಹೊಲಿಗೆ ಮಿಷನ್ನು

ಬಾಗಿಲ ಮೇಲೆ 'ಔದ್ಯೋಗಿಕ ಚಿಕಿತ್ಸೆ' ಎಂದು ಬರೆಸಿದ ದಿನದಿಂದ
ಕೆಲಸ ಕೇಳಿಕೊಂಡು ಬರುವವರೇ ಹೆಚ್ಚು.
ಮೊನ್ನೆ ಹೊಳೆಹೊನ್ನೂರಿನ ಅಜ್ಜಿಯೊಬ್ಬಳು
ಮೊಮ್ಮಗನ ಮಾರ್ಕ್ಸ್ ಕಾರ್ಡು ಮೇಜಿನ ಮೇಲಿಟ್ಟು
"ಅಟೆಂಡರಾದರೂ ಅಡ್ಡಿಯಿಲ್ಲ" ಅಂದಳು.
ಉಳಿದವರಿಗೆ ನಾನೂ ಫಿಸಿಯೋ ಮೇಡಮ್ಮು.
ತಿದ್ದುವುದು ಬಿಟ್ಟು ಮೂರು ವರ್ಷವಾಯಿತು.

ನಿಜವಾದ ಫಿಸಿಯೋ ಪಕ್ಕದ ಕೋಣೆಯ ಗ್ರೇಶಿಯನ್.
ನಡುವೆ ಕದವಿಲ್ಲದ ಬಾಗಿಲು, ಒಂದು ಹೊಸ್ತಿಲು.
ಕಾಲು ಅವನಿಗೆ, ಕೈ ನನಗೆ,
ಯಾರೋ ಅಣ್ಣತಮ್ಮಂದಿರ ಪಾಲುಪಟ್ಟಿಯ ಹಾಗೆ ಮಾಡಿಟ್ಟಿದ್ದಾರೆ.
ಭುಜದ ತಕರಾರು ಮಾತ್ರ ಇನ್ನೂ ಮುಗಿದಿಲ್ಲ.
ಅವನು ಎತ್ತಿಸುತ್ತಾನೆ: ತೊಂಬತ್ತು ಡಿಗ್ರಿ, ನೂರು, ನೂರಹತ್ತು.
ನಾನು ಕೇಳುತ್ತೇನೆ: ಎತ್ತಿ ಏನು ಮಾಡಬೇಕು?
ತಲೆ ಬಾಚಬೇಕೇ, ಗೂಟದಿಂದ ಅಂಗಿ ತೆಗೆಯಬೇಕೇ?
"ಮೊದಲು ಏಳಲಿ ಮಾರಾಯ್ತಿ" ಅನ್ನುತ್ತಾನೆ.
ಅದೂ ಸುಳ್ಳಲ್ಲ.

ಶಿವಮೊಗ್ಗದ ಗಾಂಧಿ ಬಜಾರಿನಿಂದ ತುಕಾರಾಮ ಪಿಸ್ಸೆಯವರು ಬಂದರು,
ಲಕ್ವ ಹೊಡೆದು ನಾಲ್ಕು ತಿಂಗಳು, ಬಲಭಾಗ.
ನನ್ನ ಬಳಿ ಮಣಿ ಪೋಣಿಸಿದರು,
ಅವನ ಬಳಿ ಮೆಟ್ಟಿಲು ಹತ್ತಿದರು,
ಎರಡೂ ಕಡೆ ಸುಮ್ಮನೆ,
ಮಕ್ಕಳ ಬೆಂಚಿನಲ್ಲಿ ಕೂರಿಸಿದ ದೊಡ್ಡವರ ಹಾಗೆ.
ಒಂದು ಗುರುವಾರ ಅವರ ಹೆಂಡತಿ ಲಗೇಜ್ ಆಟೋದಲ್ಲಿ
ಅಂಗಡಿಯ ಮಿಷನ್ನನ್ನೇ ತಂದಿಳಿಸಿದರು.

ಎಲ್ಲಿಡುವುದು?
ತುಳಿಯುವ ಪಟ್ಟಿ ಅವನ ಇಲಾಖೆ, ಸೂಜಿ ನನ್ನದು,
ಬೆಲ್ಟು ಎರಡನ್ನೂ ಸುತ್ತಿಕೊಂಡಿದೆ.
ಕೊನೆಗೆ ಹೊಸ್ತಿಲ ಆಚೆ ಎರಡು ಕಾಲು, ಈಚೆ ಎರಡು ಕಾಲು,
ಅಲುಗದ ಹಾಗೆ ಅಡಿಗೆ ಮಡಚಿದ ರಟ್ಟು.

ಅವನು ನೆಲಕ್ಕೆ ಕೂತು ಹಿಮ್ಮಡಿ ನೋಡಿದ.
ನಾನು ಬಗ್ಗಿ ಹೆಬ್ಬೆರಳು ನೋಡಿದೆ.
ಚಕ್ರ ಹಿಂದಕ್ಕೆ ತಿರುಗಿ
ನೂಲು ಪಟ್ಟಂತ ಹರಿಯಿತು.
"ಪಾದ" ಅಂದೆ ನಾನು.
"ಬೆರಳು" ಅಂದ ಅವನು.

"ಇಬ್ಬರೂ ಸ್ವಲ್ಪ ಸರೀರಿ" ಅಂದರು ಪಿಸ್ಸೆ,
"ಬೆಳಕಿಗೆ ಅಡ್ಡ."

ಸರಿದೆವು.
ನೂಲಿನ ತುದಿ ನಾಲಿಗೆಗೆ ಒತ್ತಿ, ಏಳನೆಯ ಸಲಕ್ಕೆ ಪೋಣಿಸಿ,
ಎಡಗೈಯಿಂದ ಚಕ್ರಕ್ಕೊಂದು ತಟ್ಟು ಕೊಟ್ಟು
ದಿಂಬಿನ ಚೀಲದ ಒಂದು ಬದಿ ಹೊಲಿದರು.
"ಆಗುಂಬೆ ಘಾಟಿ" ಅಂದರು ಹೊಲಿಗೆ ನೋಡಿ, ತಾವೇ.
ಆಮೇಲೆ ಗ್ರೇಶಿಯನ್‌ನನ್ನು ಕಣ್ಣಲ್ಲೇ ಅಳೆದು,
"ನಿಮ್ಮ ಎಡ ಹೆಗಲು ಅರ್ಧ ಇಂಚು ಕೆಳಗಿದೆ ಡಾಕ್ಟ್ರೇ,
ಅಂಗಿ ಹೊಲಿಸುವಾಗ ನೆನಪು ಮಾಡಿ."

ಸಂಜೆ ಫೈಲು ತೆರೆದರೆ ಎರಡು ಹಾಳೆ,
ಅವನದು ನೀಲಿ, ನನ್ನದು ಹಳದಿ.
ದಿಂಬಿನ ಚೀಲ ಯಾವುದರಲ್ಲಿ ಬರೆಯೋದು ಅಂತ ಕೇಳಿದ,
ತನ್ನ ಕೋಣೆಯ ಉದ್ದ ಕನ್ನಡಿಯ ಮುಂದೆ
ಹೆಗಲು ಎತ್ತಿ ಇಳಿಸುತ್ತ.