ತುಂಬು ಬಿಡಿಸೋ ಕೈ

ರಾತ್ರಿನ ಕೈಗೆ ಹುಣಸಿಹಣ್ಣು ತಿಕ್ಕಿದೆ,
ಆಮ್ಯಾಲ ಮಜ್ಜಿಗಿ, ಆಮ್ಯಾಲ ಕೊಬ್ಬರಿ ಎಣ್ಣಿ.
ಮೂಸಿ ನೋಡಿದೆ. ಹೋಗಿರಲಿಲ್ಲ.
ಇಪ್ಪತ್ತೆರಡು ವರ್ಷದ್ದು,
ಒಂದ ರಾತ್ರಿಗೆ ಹೆಂಗ ಹೋದೀತು?

ಬ್ಯಾಡಗಿ ಕಾಯಿ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತಾರ.
ಹಂಗ ಅಂದಾವರ ಕಣ್ಣಾಗ
ಅದರ ಒಂದು ಬೀಜಾನೂ ಬಿದ್ದಿಲ್ಲ, ಕಾಣಸ್ತೈತಿ.

ಬಾಲವಾಡಿ ಅನ್ನಬಾರದಂತ. ಸೊಸಿ ತಿದ್ದಿದ್ಲು:
ಪ್ರಿಸ್ಕೂಲು.
ಟೈರ್ ಅಂಗಡಿ ಮಾಳಿಗಿ ಮ್ಯಾಲ,
ಗೋಡಿ ತುಂಬ ಜಿರಾಫಿ.
ಬೆಳಗಿನ ಕೂಲಿ ಬಿಟ್ಟು
ಮೊಮ್ಮಗಳ ಕೈ ಹಿಡಕೊಂಡು ಹೊಂಟೆ ನಾನು.
ಖರೇ ಅಂದ್ರ ಆಕಿನ ಹಿಡಕೊಂಡಿದ್ಲು,
ಅದೂ ಕಿರಿಬೆರಳು ಒಂದನ್ನ.
"ಉಳಿದಾವು ಉರಿತಾವು" ಅಂತ.

ಅಳ್ತಾಳ ಅಂತ ಎಲ್ಲಾ ತಯಾರಿ ಮಾಡಿದ್ದೆ.
ಚೀಲದಾಗ ಎರಡು ಕರವಸ್ತ್ರ, ಬೆಲ್ಲದ ಚೂರು,
ಹೇಳಾಕ ಒಂದು ಸುಳ್ಳು:
ಇಲ್ಲೇ ಕಟ್ಟಿ ಮ್ಯಾಲ ಕುಂತಿರ್ತೀನವ್ವ, ಎಲ್ಲೂ ಹೋಗೂದಿಲ್ಲ.

ಮೂರೂ ಹಂಗ ಉಳದ್ವು.

ಬಾಗಲದಾಗ ಟೀಚರ್ ಬಗ್ಗಿ "ಹೆಸರೇನು ಪುಟ್ಟಾ?" ಅಂದ್ರ
"ಪುಟ್ಟ ಅಲ್ಲ" ಅಂದ್ಲು.
"ಅಂಕಿತಾ ಫಕ್ಕೀರಪ್ಪ ಹಲಗೇರಿ.
ಈಕಿ ನಮ್ಮ ಆಯಿ. ಈಕಿಗೆ ಸಾಲಿ ಇಲ್ಲ, ಕೆಲಸ ಐತಿ."
ಚಪ್ಲಿ ಬಿಟ್ಲು, ಸಾಲಿನ್ಯಾಗ ಎಲ್ಲಾರಕಿಂತ ಮುಂದ.
ಹೋದ್ಲು,
ಬೀಗರ ಮನಿಗೆ ಉಣ್ಣಾಕ ಹೋದಂಗ.

ನನ್ನ ಕಿರಿಬೆರಳು ಇನ್ನೂ ಚಾಚಿಕೊಂಡ ಇತ್ತು.

ಕಿಟಕ್ಯಾಗ ಇಣುಕಿದೆ.
ಇಣುಕಬಾರದು ಅಂತ ಬೋರ್ಡ್ ಇತ್ತಂತ.
ನನಗ ಓದಾಕ ಬರೂದಿಲ್ಲ, ಅದೊಂದು ಚಲೋನ ಆತು.
ಒಳಗ ಇಪ್ಪತ್ತು ಮಕ್ಕಳು, ಇಪ್ಪತ್ತು ರಾಗ.
ಮೂಲ್ಯಾಗ ಒಬ್ಬ ಹುಡುಗ,
ಕೊಳ್ಳಾಗ ನೀರಿನ ಬಾಟ್ಲಿ, ಮುಖ ತುಂಬ ಕಣ್ಣೀರು, ಸುಂಬಳ.
ಅಂಕಿತಾ ಅವನ ಮುಂದ ಕುಕ್ಕರಗಾಲಿಲೆ ಕುಂತ್ಲು,
ಡಾಕ್ಟರ್ ನೋಡಿದಂಗ ನೋಡಿದ್ಲು.
"ಕಣ್ಣಾಗ ಕೈ ಹಾಕ್ಕೊಂಡೇನು? ತಿಕ್ಕಬ್ಯಾಡ."

ಆಕಿಗೇನು ಗೊತ್ತು.
ನಮ್ಮ ಮನ್ಯಾಗ ಕಣ್ಣೀರು ಬರೂದು
ಮೆಣಸಿನಕಾಯಿಂದ.
ಬ್ಯಾರೆ ಯಾವುದಕ್ಕರ ಬಂದ್ರೂ
ಅದರ ಹೆಸರ ಹೇಳ್ತೀವಿ.

ಹೊಸಾ ಫ್ರಾಕಿನ ಅಂಚು ಉಂಡಿ ಮಾಡಿದ್ಲು,
ಬಾಯಿಗಿಟ್ಟು ಹಾ ಅಂತ ಉಸಿರು ತುಂಬಿದ್ಲು,
ಬೆಚ್ಚಗ ಅವನ ಕಣ್ಣಿಗೆ ಒತ್ತಿದ್ಲು.
ಮತ್ತ ಊದಿದ್ಲು, ಮತ್ತ ಒತ್ತಿದ್ಲು,
ನಾ ಸೆರಗಿಲೆ ಮಾಡಿದಂಗ, ಒಂದೀಟೂ ಬಿಡದ.
"ಹೋತು ನೋಡು" ಅಂದ್ಲು.
ಹುಡುಗ ಬಾಯಿ ತಕ್ಕೊಂಡು ನಿಂತ.
ಅಳೂದು ಎಲ್ಲಿಗೆ ಬಂದಿತ್ತು ಅನ್ನೂದು ಮರ್ತಿದ್ದ.

ಯಾರ್ಡಿಗೆ ಬಂದು ಕುಂತೆ.
ಜೂನ್ ತಿಂಗಳ ಮಾಲು, ಕೋಲ್ಡ್ ಸ್ಟೋರೇಜಿಂದ ತಗದದ್ದು,
ಮದ್ಲ ಕೈಗೆ ತಣ್ಣಗ ಹತ್ತತೈತಿ, ಉರಿ ಆಮ್ಯಾಲ.
ಮಾಬೂಬಿ ಕೇಳಿದ್ಲು, "ಬಾಳ ಅತ್ಲೇನು?"
"ಅಳಲೇ ಇಲ್ಲ."
"ಮತ್ತ ನಿನ್ನ ಕಣ್ಣು?"
ಗುಡ್ಡಿ ಕಡೆ ಕೈ ಮಾಡಿದೆ.
ಆಕಿ ಗುಡ್ಡಿ ನೋಡಿದ್ಲು, ನಾ ಇನ್ನೂ ಮುಟ್ಟದ ಗುಡ್ಡಿ,
ಹೂಂ ಅಂದು ಚೀಲ ಸರಿಸಿ ಜಾಗಾ ಕೊಟ್ಲು.

ಹನ್ನೆರಡೂವರಿಗೆ ಬಿಡ್ತಾರ.
ಹುಡುಗರು ಓಡಿ ಬಂದು ತಮ್ಮ ತಮ್ಮವರ ಕಾಲಿಗೆ ಜೋತು ಬಿದ್ವು.
ಈಕಿ ಕಡೀಕ ಬಂದ್ಲು, ಯಾರನ್ನೋ ಬೈಕೋತ,
ಎಡಗಾಲಿನ ಚಪ್ಲಿ ಬಲಗಾಲಿಗೆ ಹಾಕ್ಕೊಂಡು.
"ಬೆಲ್ಲ ಇತ್ತಲಾ, ತಗಿ."
ಹಿಂದ ಆ ಬಾಟ್ಲಿ ಹುಡುಗ ನಿಂತಿದ್ದ.
"ಎರಡು ಮಾಡು" ಅಂದ್ಲು.
ನಾ ಮುರಿಯಾಕ ಹೋದ್ರ ತಡದ್ಲು:
"ಕೈಲೆ ಬ್ಯಾಡ ಆಯಿ.
ಹಲ್ಲಿಲೆ."