ಗಾಳಿಯ ಕೈಬರಹ

ಮೂವತ್ತೊಂದು ವರ್ಷ "ಸದ್ದು!" ಎಂದು ಗದರಿದವಳು ನಾನು.
ಈಗ ನನ್ನ ಮೇಜಿನ ಎದುರೇ ಗರಗಸ ಆಡುತ್ತದೆ.

ವಿಶ್ವಕೋಶಗಳ ಕಪಾಟು ಎತ್ತಿಸಿ ಉದ್ದದ ಹಲಗೆ ಹಾಕಿದರು:
ಅಂಟು, ತಂತಿ, ಸುತ್ತಿಗೆ, ಒಂದು ಹೊಲಿಗೆ ಯಂತ್ರ.
'ಸಿಲೆನ್ಸಿಯೊ' ಎಂಬ ಹಳೆಯ ಫಲಕವನ್ನು
ಮಕ್ಕಳು ಅಡಿಗಿಟ್ಟುಕೊಂಡು ರಟ್ಟು ಕತ್ತರಿಸುತ್ತಾರೆ.
ಅಕ್ಷರಗಳಿಗೆ ಗಾಯ. ಓದಲು ಇನ್ನೂ ಬರುತ್ತದೆ, ಒತ್ತಾಯಕ್ಕೆ.

ಪುಂತಾ ಅರೇನಸ್ಸಿನಲ್ಲಿ ಕೊಡೆ ಬಿಚ್ಚುವವರು ಹೊರಗಿನವರು.
ಊರವರು ಹಗ್ಗ ಹಿಡಿದು ಬೀದಿ ದಾಟುತ್ತಾರೆ.
ಚೌಕದ ಕಸದ ಡಬ್ಬಿಯಲ್ಲಿ ಪ್ರವಾಸಿಗರ ಕೊಡೆಗಳು,
ಕಾಲು ಮುರಿದ ಜೇಡಗಳ ಹಾಗೆ.
ಅಲ್ಲಿಂದ ಆಯ್ದು ತಂದವನು ಇಸ್ಮಾಯೆಲ್ ಬಾರಿಯಾ:
ಏಳನೆಯ ತರಗತಿ, ಹೆಸರಿನ ಮೇಲೆ ಒಂದೂ ಪುಸ್ತಕವಿಲ್ಲ,
ಹಾಗಾಗಿ ದಂಡವೂ ಇಲ್ಲ.

ಮೊದಲನೆಯದು ಮುರಿಯಿತು.
ಎರಡನೆಯದು ತಿರುಗಿತು, ನಿಲ್ಲಲೊಲ್ಲದು;
ಎಗರಿ ಹೋಗಿ ಯೊಸೆಲಿನ್‌ಳ ಜಡೆಗೆ ಸಿಕ್ಕಿಕೊಂಡಿತು.
ಕತ್ತರಿ ತಂದವಳು ನಾನು. ಕೂದಲಿಗಲ್ಲ, ತಂತಿಗೆ ಎಂದು
ಎರಡು ಸಲ ಹೇಳಬೇಕಾಯಿತು.

ಮೂರನೆಯದು ಹೀಗೆ:
ಕಿಟಕಿಯನ್ನು ಒಂದು ಬೆರಳಷ್ಟು ತೆರೆ.
ಕೊಡೆಯ ಕಡ್ಡಿಗಳು ನಡುಗುತ್ತವೆ,
ದಾರ ಜಗ್ಗುತ್ತದೆ, ಪೆನ್ಸಿಲು ಬಾಗುತ್ತದೆ,
ಹಳೆಯ ಸೂಚಿಕಾರ್ಡಿನ ಬೆನ್ನ ಮೇಲೆ
ಗೀರು, ಸುರುಳಿ, ಒಂದು ಉದ್ದ ಉಸಿರು.

"ಇದರ ಉಪಯೋಗ?" ಎಂದರು ತಪಾಸಣೆಗೆ ಬಂದವರು.
ಅವನು ಭುಜ ಕುಣಿಸಿದ.
ನನಗೆ ಗೊತ್ತಿದ್ದದ್ದು ಒಂದೇ ಕೆಲಸ, ಅದನ್ನು ಮಾಡಿದೆ:
ದಿನಾಂಕ ಹಾಕಿ, ಸಂಖ್ಯೆ ಕೊಟ್ಟು,
ಕಂಪ್ಯೂಟರು ಬಂದಾಗಿನಿಂದ ಖಾಲಿ ಬಿದ್ದ ಡ್ರಾಯರಿಗೆ ಸೇರಿಸಿದೆ.
"ಕರ್ತೃ?"
"ನಾನಲ್ಲ," ಎಂದ. "ನಾನು ಪೆನ್ಸಿಲು ಕಟ್ಟಿದವನು."
ಗಾಳಿಮಾತು ನಂಬಬೇಡ ಎಂದು ಕೇಳುತ್ತ ಬೆಳೆದವಳು ನಾನು.
ಗಾಳಿಬರಹದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಮೇ ತಿಂಗಳಲ್ಲಿ ಎರಡನೆಯ ತರಗತಿಯ ಪುಟಾಣಿಯೊಂದು ಬಂತು,
ಮೂಗು ಒರೆಸಿಕೊಳ್ಳುತ್ತ.
ತನ್ನ ಹುಟ್ಟುಹಬ್ಬದ ಗಾಳಿ ಬೇಕಂತೆ.
ಹುಡುಕಿದೆ. ಏಪ್ರಿಲ್ ಇಪ್ಪತ್ತೇಳು. ಭಾನುವಾರ.
ಬೀಗ ಹಾಕಿತ್ತು. ಕಾರ್ಡಿಲ್ಲ.
ಅವಳು ಅಳಲಿಲ್ಲ. ನನ್ನನ್ನೇ ನೋಡಿದಳು,
ಹರಿದ ಪುಸ್ತಕ ವಾಪಸು ತಂದವರನ್ನು
ಇಷ್ಟು ವರ್ಷ ನಾನು ನೋಡಿದ ಹಾಗೆ.

ಈಗ ಶುಕ್ರವಾರ ಸಂಜೆ ದೀಪ ಆರಿಸುತ್ತೇನೆ,
ಬಾಗಿಲಿಗೆ ಬೀಗ, ಕಿಟಕಿಗೆ ಒಂದು ಬೆರಳು ರಿಯಾಯಿತಿ.
ಸೋಮವಾರ ಬಂದರೆ ನೆಲದ ತುಂಬ ಮರಳು,
ರಟ್ಟಿನ ಚೂರು, ಯಾರದೋ ಅರ್ಧ ಮುಗಿದ ಕಾಗದದ ಹಡಗು
ಕವಿತೆಗಳ ಸಾಲಿನ ಕೆಳಗೆ ಮಗುಚಿಕೊಂಡು.
ಬೈದುಕೊಳ್ಳುತ್ತೇನೆ, ಜೋರಾಗಿಯೇ.
ಮೊದಲು ಕಾರ್ಡು ತೆಗೆಯುತ್ತೇನೆ.
ಆಮೇಲೆ ಪೊರಕೆ.