ಎಂಬತ್ತು ಮೀಟರ್

"ಎಷ್ಟು ದೂರವಿತ್ತು?" ಕೇಳಿದಳು ಗುನ್ವೋರ್,
ಬೂಟಿನ ಲಾಡಿ ಬಿಗಿಯುತ್ತ, ತಲೆಯೆತ್ತದೆ.
ಎಂಬತ್ತು ಮೀಟರ್, ಅಂದೆ.
ಇಪ್ಪತ್ತೆಂಟು ವರ್ಷ ಮರದ ಗಿರಣಿಯಲ್ಲಿ
ದಿಮ್ಮಿಗಳನ್ನು ಕಣ್ಣಲ್ಲೇ ಅಳೆದು ಬರೆದವನು ನಾನು.
ಒಂದು ಗೇಣು ಹೆಚ್ಚುಕಡಿಮೆಯಾದರೆ
ರೆಂದಾಲೆನ್ ಕಣಿವೆಯೇ ನಗುತ್ತಿತ್ತು.

ಗಂಡು ಎಲ್ಗ್ ಅದು. ಕುದುರೆಗಿಂತ ಎತ್ತರ,
ತಲೆಯ ಮೇಲೆ ಎರಡು ಮೊರದಗಲ ಕೊಂಬು.
ಸಂಜೆ ಐದರ ಬೆಳಕು, ಅಂದರೆ
ಬೆಳಕು ತಿಂದು ಬಿಟ್ಟ ಎಂಜಲು.
ಬರ್ಚ್ ಮರಗಳ ನಡುವೆ ಅಡ್ಡ ನಿಂತಿತ್ತು.
ಆ ಅಕ್ಟೋಬರಿನಲ್ಲಿ ತಂಡದೊಳಗೆ
ಒಂದೂ ಈಡು ಹೊಡೆಯದೆ ಉಳಿದವನು ನಾನೊಬ್ಬನೇ.

ಸದ್ದಿಗೆ ಅದು ಬೆನ್ನು ಬಾಗಿಸಿತು
ಚಳಿಗೆ ಮುದುಕ ಮುದುಡುವ ಹಾಗೆ.
ಆಮೇಲೆ ನಡೆಯಿತು.
ಓಡಲಿಲ್ಲ. ನಡೆಯಿತು.

"ನಾಳೆ ನೋಡಿದರಾಯಿತು," ಅಂದ ಆಸ್ಲೆ,
"ನರಿಗಳಿಗೂ ಒಂದು ದಿನ ಹಬ್ಬ ಬೇಡವೇ?"
ಯಾರೂ ನಗಲಿಲ್ಲ. ಅವನೂ.

ಗುನ್ವೋರ್ ಪಾಚಿಯ ಮೇಲಿನ ಹನಿಯನ್ನು
ಬಿಳಿ ಕರವಸ್ತ್ರಕ್ಕೆ ಒತ್ತಿಕೊಂಡು ಮೂಸಿದಳು.
"ನೊರೆಯಿಲ್ಲ. ಶ್ವಾಸಕೋಶವಲ್ಲ.
ಮೆಲುಕಿನ ವಾಸನೆ ಇದೆ, ಹೊಟ್ಟೆ.
ಈಗಲೇ ಹಿಂದೆ ಬಿದ್ದರೆ ರಾತ್ರಿಯೆಲ್ಲ ಓಡಿಸುತ್ತೀವಿ.
ಬಿಟ್ಟರೆ ಎಲ್ಲಾದರೂ ಮಲಗುತ್ತದೆ. ಕಾಯಬೇಕು."

ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದರು.
ಅಲ್ಲಿ ಕಾದದ್ದು ಕಾಗದದ ಮೇಲೆ.

ಕಾರಿನಲ್ಲಿ ಕೂತೆವು, ನಾಲ್ಕು ತಾಸು.
ಫ್ಲಾಸ್ಕಿನ ಕಾಫಿ, ನಾಯಿ ಮೋಲ್ಟೆಯ ಉಸಿರಿಗೆ
ಮಬ್ಬು ಹಿಡಿದ ಗಾಜು.
ಅಲ್ಲೆಲ್ಲೋ ಕತ್ತಲಲ್ಲಿ ಒಂದು ಹೊಟ್ಟೆ ಉರಿಯುತ್ತಿತ್ತು.
ಇಲ್ಲಿ ನನಗೆ ಹಸಿವಾಯಿತು,
ಬಿಸ್ಕತ್ತು ತಿಂದೆ.

ಹತ್ತಕ್ಕೆ ಮೋಲ್ಟೆ ಜಾಡು ಹಿಡಿಯಿತು.
ಉದ್ದನೆಯ ಚರ್ಮದ ಹಗ್ಗ, ನೆಲಕ್ಕಂಟಿದ ಮೂಗು.
ಹನಿ ಕಂಡಲ್ಲೆಲ್ಲ ಕೊಂಬೆಗೊಂದು
ಕಿತ್ತಳೆ ಬಣ್ಣದ ಪಟ್ಟಿ ಕಟ್ಟುತ್ತ ಹೋದಳು ಗುನ್ವೋರ್.
ಹದಿನಾರನೆಯದರ ಬಳಿ ಕಲ್ಲಿನ ಸಾಲು, ಗಡಿ.
ಆಚೆಗೆ ಒಡ್ಲೈವನ ಕಾಡು.
ಒಂದು ಗೇಟಿನ ಬೀಗಕ್ಕಾಗಿ ಮಾತು ಬಿಟ್ಟು
ನಮಗೆ ಹನ್ನೊಂದು ವರ್ಷ.

"ಕೇಳದೆ ಕೋವಿ ಹೊತ್ತು ದಾಟುವ ಹಾಗಿಲ್ಲ," ಅಂದಳು.
"ಇದನ್ನು ಹೀಗೇ ಬಿಟ್ಟು ಮನೆಗೆ ಹೋಗುವ ಹಾಗೂ ಇಲ್ಲ."

ಕದ ಬಡಿದೆ. ಉಣ್ಣೆಯ ಕಾಲುಚೀಲದಲ್ಲೇ ಬಂದ.
ನನ್ನ ಮುಖ ನೋಡಲಿಲ್ಲ,
ಬೆರಳ ಮೇಲಿನ ಕಲೆ ನೋಡಿದ.
"ಹೊಟ್ಟೆಗೋ?"
"ಹೂಂ."
ಒಳಗೆ ಹೋಗಿ ದೊಡ್ಡ ಬ್ಯಾಟರಿ ತಂದ.
ಗೇಟು, ಬೀಗ, ಕ್ಷಮೆ
ಯಾವುದೂ ಮಾತಿಗೆ ಬರಲಿಲ್ಲ.
ಮೂರು ಬೆಳಕುಗಳು ಒಂದೇ ಕೆಂಪು ಹುಡುಕಿದವು
ಬೆಳಗಿನ ಜಾವದವರೆಗೆ.

ಜೌಗಿನ ಅಂಚಿನಲ್ಲಿ ಸಿಕ್ಕಿತು.
ಕಾಲು ಮಡಚಿ ಮಲಗಿತ್ತು, ಮನೆಯ ದನದ ಹಾಗೆ.
ತಲೆಯೆತ್ತಿತು. ಏಳಲಿಲ್ಲ.
ಕಣ್ಣಲ್ಲಿ ದೂರು ಇತ್ತೆಂದು ಹೇಳಲಾರೆ,
ಅದು ನಾನು ಕಟ್ಟಿದ ಕತೆಯಾದೀತು.
ಉಸಿರಿತ್ತು. ಉಸಿರಿನ ಆವಿ ಇತ್ತು.
ಈ ಸಲ ಒಂಬತ್ತು ಹೆಜ್ಜೆ. ಅಳೆದು ನಿಂತೆ.

ಮಾಂಸ ಬಹುಪಾಲು ಕೆಟ್ಟಿತ್ತು, ಕಾಗೆಗಳ ಪಾಲು.
ಹಾಗಾಗುತ್ತದೆಂದು ಮೂವರಿಗೂ
ಕರವಸ್ತ್ರ ನೋಡಿದಾಗಲೇ ಗೊತ್ತಿತ್ತು.

ಹಿಂದಿರುಗುವಾಗ ಗುನ್ವೋರ್ ಪಟ್ಟಿಗಳನ್ನು
ಒಂದೊಂದಾಗಿ ಬಿಚ್ಚಿ ಜೇಬಿಗಿಳಿಸುತ್ತ ಬಂದಳು.
ಮೊದಲ ಹನಿಯ ಜಾಗದಿಂದ
ನಾನು ಕೂತಿದ್ದ ಮರದ ಬುಡದವರೆಗೆ
ತುಟಿಯಲ್ಲೇ ಎಣಿಸಿಕೊಂಡು ನಡೆದಳು.
ನನಗೂ ಕೇಳಿಸಿತು ಕೊನೆಯ ಅಂಕಿ:
ನೂರ ಅರವತ್ತೆಂಟು.

ಏನೂ ಅನ್ನಲಿಲ್ಲ.
ಎಲ್ಲ ತುಂಬಿದ ನಮೂನೆಯನ್ನು ಪೆನ್ನಿನೊಂದಿಗೆ ಕೈಗಿತ್ತಳು.
'ದೂರ' ಎಂದಿದ್ದಲ್ಲಿ ಮಾತ್ರ ಖಾಲಿ.

ಶಾಯಿ ಚಳಿಗೆ ಹೆಪ್ಪುಗಟ್ಟಿತ್ತು.
ಬಾಯ ಬಳಿ ಹಿಡಿದು ಊದಿದೆ,
ಮತ್ತೆ ಊದಿದೆ,
ಬರೆಯುವಷ್ಟು ಬಿಸಿಯಾಗುವ ತನಕ.